ಕುಂಕುಮದ ಕೆಳಗಿನ ಹೆಸರು

ಆಯುಧಪೂಜೆಗೆ ಇನ್ನೊಂದು ದಿನ ಇತ್ತು. ಮಿಲ್ಲಿನ ಮೋಟಾರು ನಿಲ್ಲಿಸಿ, ಉದ್ದನೆಯ ಗಳುವಿಗೆ ಪೊರಕೆ ಕಟ್ಟಿಕೊಂಡು ಮಿಲ್ಲಿನ ಯಜಮಾನರು ತೊಲೆಗಳ ಮೇಲೆ ಕೂತ ಹಿಟ್ಟಿನ ಧೂಳನ್ನು ಹೊಡೆಯುತ್ತಿದ್ದರು. ಮೈಯೆಲ್ಲ ಬೆಳ್ಳಗಾಗಿತ್ತು. ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು ಕೂತಿತ್ತು. ಅಜ್ಜಂಪುರದ ಆ ಮಿಲ್ಲಿನ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವವಳು ನಾನು. ಅವರಿಗೂ ನನಗೂ ನಡುವೆ ಒಂದು ಕಿಟಕಿ. ಅದರಿಂದ ತಲೆ ಹಾಕಿ ಕೂಗಿದರು.

“ತಂಗೀ, ನಿನ್ನ ಮಿಷನ್‌ಗೂ ಒಂದು ಕುಂಕುಮ ಇಡಮ್ಮ. ಇಲ್ದಿದ್ರೆ ಸಿಟ್ಟು ಮಾಡ್ಕೊಂಡು ನಾಳೆಯಿಂದ ಎಲ್ಲಾ ಬ್ಲೌಸಿಗೂ ಒಂದೇ ತೋಳು ಹೊಲಿದುಬಿಟ್ಟಾತು!”

ಆ ಹೊತ್ತಿಗೆ ಕೆಳಗಿನ ಬೀದಿಯ ಹೆಂಗಸೊಬ್ಬಳು ಡಬ್ಬದಲ್ಲಿ ರಾಗಿ ತುಂಬಿಕೊಂಡು ಬಂದಳು. “ಒಸಿ ಹಾಕ್ಕೊಡಣ್ಣ, ಮನೇಲಿ ಹಿಟ್ಟೇ ಇಲ್ಲ” ಎಂದಳು.

“ಇವತ್ತು ಮಿಷನ್‌ಗೆ ರಜ ಕಣಮ್ಮ. ಅನ್ನ ಮಾಡ್ಕೊಂಡು ಉಣ್ಣೋಗು.”

“ಅಕ್ಕಿ ನಿಮ್ಮಪ್ಪ ಕೊಡ್ತಾನಾ?”

“ನಮ್ಮಪ್ಪ ಸತ್ತೋದ. ನಮ್ಮವ್ವ ಅವ್ಳೆ, ಕೇಳೋಗು. ಅಕ್ಕಿ ಕೊಡದಿದ್ರೂ ಬೈಗುಳಾನಾದ್ರೂ ಕೊಡ್ತಾಳೆ.”

ಆಮೇಲೆ ಮೋಟಾರು ಹಾಕಿ ಅವಳ ರಾಗಿಯನ್ನು ಬೀಸಿಯೇ ಕಳಿಸಿದರು. ಇನ್ನೊಮ್ಮೆ ಧೂಳು ಎದ್ದಿತು, ಇನ್ನೊಮ್ಮೆ ಹೊಡೆದರು. ಅವರು ಹಾಗೆ ತಮಾಷೆ ಮಾಡುತ್ತಾ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೇ ಕೊನೆ. ಮಾರನೆಯ ದಿನದಿಂದ ಅವರು ಬೇರೆ ಮನುಷ್ಯರಾದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಹೇಳಿದ್ದರು. ಊರಿನವರಿಗೆ ಅವರು ಮಿಲ್ಲಣ್ಣ, ನನಗೆ ಬರೀ ಅಣ್ಣ. ಮಿಲ್ಲು ಅವರ ಅಜ್ಜ ಹಾಕಿದ್ದು. ಅಪ್ಪನ ಕಾಲ ಮುಗಿದು ಅವರ ಕೈಗೆ ಬಂದಿತ್ತು. ಕಡೂರಿನಲ್ಲಿ ಪಿಯುಸಿವರೆಗೆ ಓದಿದ್ದರು. ಮುಂದೆ ಓದುವ ಆಸೆ ಇದ್ದರೂ ಅಪ್ಪನಿಗೆ ಕಾಲು ಬಿದ್ದುಹೋದದ್ದರಿಂದ ಬಂದು ರಾಗಿ ಬೀಸಲು ನಿಂತರು. ಅದರ ಬಗ್ಗೆ ಅವರು ಬೇಸರದ ಮಾತಾಡಿದ್ದು ನಾನು ಕೇಳಿಲ್ಲ. ಬಿಸಿ ಹಿಟ್ಟನ್ನು ಬೆರಳ ನಡುವೆ ಉಜ್ಜಿ ನೋಡುವಾಗ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದರು. ಹಾಡು ಕೇಳುವವರು ಹಾಗೆ ಮಾಡುತ್ತಾರೆ.

ಆ ಮಿಲ್ಲಿನಲ್ಲಿ ಒಂದು ಕಟ್ಟಳೆ ಇತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಸಾಲಾಗಿ ಮೊಳೆ ಹೊಡೆದಿದ್ದರು. ಒಳಗೆ ಬರುವ ಗಂಡಸರು ಹೆಗಲ ಮೇಲಿನ ಟವೆಲ್ ತೆಗೆದು ಆ ಮೊಳೆಗೆ ಹಾಕಿಯೇ ಬರಬೇಕು. ಹೆಂಗಸರು ಸೆರಗು ಸಿಗಿಸಿಕೊಳ್ಳಬೇಕು. ಟವೆಲ್ ತೆಗೆಸುವುದೆಂದರೆ ಮಿಲ್ಲಿನ ಮನೆಯವರ ದೊಡ್ಡಸ್ತಿಕೆ ಎಂದೇ ಊರಿನವರು ತಿಳಿದಿದ್ದರು. ಕೆಲವರು ಅದೇ ಸಿಟ್ಟಿಗೆ ಬೇರೆ ಮಿಲ್ಲಿಗೆ ಹೋಗುತ್ತಿದ್ದರು. “ನಿಮ್ಮಜ್ಜನ ಕಾಲ ಮುಗೀತು ಕಣಣ್ಣಾ, ಈಗ್ಲೂ ಟವೆಲ್ ತೆಗೀಬೇಕಾ?” ಎಂದು ಮುಖಕ್ಕೇ ಕೇಳಿದವರಿದ್ದಾರೆ. ಅಣ್ಣನಿಗೂ ಕಾರಣ ಗೊತ್ತಿರಲಿಲ್ಲ. “ನಮ್ಮಪ್ಪ ತೆಗೆಸ್ತಿದ್ದ, ನಾನೂ ತೆಗೆಸ್ತೀನಿ. ನಿನ್ನ ಟವೆಲ್ ನಾನೇನು ತಿನ್ನಲ್ಲ, ಹಾಕೋ” ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಪುಸ್ತಕದ್ದು. ಮಿಲ್ಲಿನ ಹಿಂದಿನ ಮೂಲೆಯಲ್ಲಿ ಅಜ್ಜನ ಕಾಲದ ಆಯಿಲ್ ಎಂಜಿನ್ ಇದೆ. ಕರೆಂಟು ಬಂದ ಮೇಲೆ ಅದು ನಿಂತುಹೋಗಿ ತುಕ್ಕು ಹಿಡಿದಿತ್ತು. ಆಯುಧಪೂಜೆಯ ದಿನ ಅದನ್ನು ಒರೆಸಿ, ಅದರ ಮೇಲೆ ದೇವರ ಮನೆಯಿಂದ ತಂದ ಒಂದು ಇಂಗ್ಲಿಷ್ ಪುಸ್ತಕ ಇಡುತ್ತಿದ್ದರು. ತುಂಬ ಹಳೆಯದು, ದಪ್ಪ ರಟ್ಟು, ಅಂಚಿಗೆ ಚಿನ್ನದ ಬಣ್ಣದ ಗೆರೆ. ಎಂಜಿನ್ ಕಂಡುಹಿಡಿದ ಪರದೇಶದವನೊಬ್ಬನ ಜೀವನಚರಿತ್ರೆ ಅದು. ತೆರೆದರೆ ಎಡಗಡೆ ಅವನ ಚಿತ್ರ, ಬಿಳಿ ಗಡ್ಡ, ಕೊರಳಿಗೆ ಬಿಗಿದ ಪಟ್ಟಿ. ಹಣೆಗೆ ವರ್ಷವರ್ಷವೂ ಕುಂಕುಮ ಇಟ್ಟು ಇಟ್ಟು ಆ ಜಾಗ ತೂತಾಗಿತ್ತು. ಬಲಗಡೆಯ ಖಾಲಿ ಪುಟಕ್ಕೂ ಅರಿಶಿನ ಕಲಸಿದ ನೀರು, ಅದರ ಮೇಲೆ ಕುಂಕುಮ. ಅಂಗಡಿಯವರು ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಇಡುವುದಿಲ್ಲವೇ, ಹಾಗೆ. “ಎಲ್ಲಾರ ಮನೆ ದೇವ್ರು ಗದೆ ಹಿಡಿದಿದ್ರೆ ನಮ್ಮನೆ ದೇವ್ರು ಕೋಟು ಹಾಕವ್ನೆ” ಎಂದು ಅಣ್ಣ ನಗುತ್ತಿದ್ದರು.

ಆ ವರ್ಷ ಪೂಜೆಯ ಬೆಳಗ್ಗೆ ನಾನು ಸೇವಂತಿಗೆ ಹೂ ಕೊಡಲು ಒಳಗೆ ಹೋದೆ. ಪುಸ್ತಕದ ರಟ್ಟು ಕಳಚಿತ್ತು. ಕಡೂರಿಗೆ ಕೊಟ್ಟು ಬೈಂಡು ಮಾಡಿಸಬೇಕೆಂದು ಅಣ್ಣ ಬಲಗಡೆಯ ಪುಟದ ಗಟ್ಟಿಯಾದ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ಉಗುರಿನಿಂದ ಕೆರೆಯುತ್ತಿದ್ದರು. ಅವರ ತಾಯಿ ಮೂಲೆಯಲ್ಲಿ ಮೂಟೆಗೊರಗಿ ಕೂತಿದ್ದರು. ಕಣ್ಣು ಅಷ್ಟಾಗಿ ಕಾಣದ ಮುದುಕಿ. ಕೆರೆಯುವ ಸದ್ದಿಗೆ ಒಮ್ಮೆಲೇ ಚೀರಿದರು.

“ಲೇ, ಕೆರೀಬ್ಯಾಡ ಕಣೋ! ಅದ್ರ ಕೆಳಗೆ ಹೆಸ್ರೈತೆ!”

“ಯಾರ ಹೆಸ್ರವ್ವಾ? ಅಜ್ಜಂದಾ?”

“ನಿಮ್ಮಜ್ಜಂದು ಯಾಕಿರುತ್ತೆ? ಪುಸ್ತಕ ಯಾರ್ದೋ ಅವಂದು.”

ಆ ಮುದುಕಿಗೆ ಅವರ ಅತ್ತೆ ಹೇಳಿದ್ದಂತೆ. ಅತ್ತೆ ಆಗಿನ್ನೂ ಹೊಸ ಮದುಮಗಳು, ಕಣ್ಣಾರೆ ಕಂಡದ್ದು. ಮುದುಕಿ ಹೇಳಿದ್ದನ್ನು ನಾನು ಕೇಳಿದ ಹಾಗೆಯೇ ಬರೆಯುತ್ತೇನೆ.

“ಎಂಜಿನ್ನು ರೈಲಾಗೆ ಬಂತಂತೆ. ಕೂರ್ಸಾಕೆ ಒಬ್ಬ ಫಿಟರ್ ಬಂದ. ಬುಕ್ಕಾಂಬುಧಿ ಕಡೆಯೋನು ಅಂತಿದ್ಲು ನಮ್ಮತ್ತೆ. ರೈಲ್ವೇಲಿ ಕೆಲ್ಸ ಮಾಡಿದ್ನಂತೆ, ಅಲ್ಲಿ ಯಾರೋ ಬಿಳಿ ದೊರೆ ಅವನ ಹೆಸ್ರು ಬರ್ದು ಈ ಪುಸ್ತಕ ಕೊಟ್ಟಿದ್ನಂತೆ. ಊಟ ಆದ್ಮೇಲೆ ಚಿತ್ರ ನೋಡ್ತಾ ಕೂರೋನಂತೆ. ಎಂಜಿನ್ನು ಓಡ್ಸಾಕೆ ಬ್ಯಾರೆ ಯಾರಿಗೂ ಬರ್ತಿರ್ಲಿಲ್ಲ, ಇಲ್ಲೇ ಉಳ್ಕೊಂಡ. ಒಂದಿನ ಟವೆಲ್ ಹೆಗಲ ಮ್ಯಾಲಿತ್ತು. ಬೆಲ್ಟು ಟವೆಲ್ ಎಳ್ಕೊಂತು, ಟವೆಲ್ ಅವನ್ನ ಎಳ್ಕೊಂತು.”

ಅಣ್ಣ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದರು.

“ಹೆಂಡ್ತಿ ಕೂಸು ಎತ್ಕೊಂಡು ಬಂದ್ಲಂತೆ. ಮಿಲ್ಲಿನ ಮುಂದೆ ಕೂತ್ಲಂತೆ. ನಿಮ್ಮಜ್ಜ ಒಂದು ಮೂಟೆ ರಾಗಿ ಹೊರಿಸ್ಕೊಂಡು ಬಂದು ಅವ್ಳ ಮುಂದೆ ಇಳಿಸ್ದ. ಅವ್ಳು ರಾಗಿ ನೋಡ್ಲಿಲ್ಲ. ನಮ್ಮವ್ರ ಪುಸ್ತಕ ಕೊಡಿ, ಹೊಂಟೋಗ್ತೀನಿ ಅಂದ್ಲು. ಕೊಡಲ್ಲ ಅಂದ ನಿಮ್ಮಜ್ಜ. ಎಂಜಿನ್ನಿನ ಪುಸ್ತಕ ಅದು, ಅದಿಲ್ದಿದ್ರೆ ಎಂಜಿನ್ನು ಓಡಲ್ಲ ಅಂದ. ಅವ್ಳು ಮೂಟೆನೂ ಅಲ್ಲೇ ಬಿಟ್ಟು ಎದ್ದೋದ್ಲು.”

ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಳಗೆ ಚಕ್ರ, ಕೊಳವೆ, ಬೆಲ್ಟಿನ ಚಿತ್ರಗಳಿದ್ದವು. ಎಂಜಿನ್ ಓಡಿಸುವ ವಿಧಾನ ಇದರಲ್ಲೇ ಬರೆದಿದೆ ಎಂದು ನಂಬಿಬಿಟ್ಟಿದ್ದರು. ಆಮೇಲೆ ಎಂಜಿನ್ ಪದೇ ಪದೇ ಕೆಟ್ಟು ನಿಂತಾಗ ಸತ್ತವನ ಕಾಟವೆಂದು ಹೆದರಿ, ಅವನ ಹೆಸರಿದ್ದ ಪುಟಕ್ಕೆ ಅರಿಶಿನ ಕುಂಕುಮ ಇಡಲು ಶುರು ಮಾಡಿದರಂತೆ. ಮೊಳೆಗಳನ್ನು ಹೊಡೆಸಿದ್ದೂ ಆಗಲೇ. ಮುಂದಿನವರಿಗೆ ಪೂಜೆ ಉಳಿಯಿತು, ಕಾರಣ ಉಳಿಯಲಿಲ್ಲ.

ಆ ದಿನ ಪೂಜೆ ಆಗಲಿಲ್ಲ. ಒಡೆಯಲು ತಂದ ಬೂದುಗುಂಬಳ ಹಾಗೇ ಬಾಗಿಲಲ್ಲಿ ಕೂತಿತ್ತು.

ಹೆಸರೇನೆಂದು ತಾಯಿಗೂ ಗೊತ್ತಿರಲಿಲ್ಲ, ಅತ್ತೆ ಫಿಟರ್ ಎಂದಷ್ಟೇ ಹೇಳಿದ್ದರಂತೆ. ಅಣ್ಣ ಮೊದಲು ಮಾಡಿದ ಕೆಲಸ ಆ ಹೆಸರನ್ನು ಓದಲು ನೋಡಿದ್ದು. ಬಿಸಿಲಿಗೆ ಹಿಡಿದರು, ಹಿಂದಿನಿಂದ ಟಾರ್ಚು ಬಿಟ್ಟರು. ತರೀಕೆರೆಯ ಸ್ಟುಡಿಯೋ ಒಂದಕ್ಕೆ ಒಯ್ದು ಫೋಟೋ ತೆಗೆಸಿದರು. ಸ್ಟುಡಿಯೋದ ಹುಡುಗ ಕಂಪ್ಯೂಟರಿನಲ್ಲಿ ಬಣ್ಣ ತಿರುಗಿಸಿ ತಿರುಗಿಸಿ ನೋಡಿ, “ಸಾರ್, ಇದ್ರಲ್ಲಿ ಬರೀ ಕುಂಕುಮಾನೇ ಇರೋದು. ಇಂಕು ಎಲ್ಲಾ ನೀರಿಗೆ ಹೋಗ್ಬಿಟ್ಟೈತೆ” ಎಂದನಂತೆ. ಹಿಂತಿರುಗಿ ಬಂದು ನನ್ನ ಕೋಣೆಯ ಸ್ಟೂಲಿನ ಮೇಲೆ ಕೂತರು. ನಾನು ಹೊಲಿಗೆ ನಿಲ್ಲಿಸಿದೆ.

“ಅಜ್ಜ ಪುಸ್ತಕ ಇಟ್ಕೊಂಡ. ಹೆಸ್ರು ಅಳಿಸಿದ್ದು ನಾವು ಕಣಮ್ಮ. ಅಪ್ಪ ಸತ್ತ ಮೇಲೆ ಪ್ರತಿ ವರ್ಷ ನೀರು ಹಚ್ಚಿ ಉಜ್ಜಿದೋನು ನಾನು. ಭಕ್ತಿಯಿಂದ ಉಜ್ಜಿದೆ.”

ನಾನು ಕಾಫಿ ತರಿಸಿದೆ. ಅವರು ಕುಡಿಯಲಿಲ್ಲ.

ಕೆಲವು ದಿನಗಳ ಮೇಲೆ ಏಣಿ ಹಾಕಿಸಿ, ಮಿಲ್ಲಿನ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿದ್ದ ಅಜ್ಜನ ಹೆಸರಿಗೆ ಸುಣ್ಣ ಹೊಡೆಸಿದರು. ಎದುರಿನ ಟೀ ಅಂಗಡಿಯವನು ಬಾಯಿ ಬಿಡದೆ ಇರುತ್ತಾನೆಯೇ? “ಏನಣ್ಣಾ, ಮಿಲ್ಲಿಗೆ ಸುಣ್ಣ ಹೊಡೆಸ್ತಿದ್ದೀರೋ, ಅಜ್ಜಂಗೆ ಹೊಡೆಸ್ತಿದ್ದೀರೋ?”

“ಅಜ್ಜಂಗೇ ಕಣೋ” ಎಂದರು ಅಣ್ಣ. ಟೀ ಅಂಗಡಿಯವನಿಗೆ ನಗಲು ಆಗಲಿಲ್ಲ.

ಹೊಸ ಹೆಸರು ಬರೆಸೋಣವೆಂದು ಅತ್ತಿಗೆ, ಅಂದರೆ ಅವರ ಹೆಂಡತಿ, ಹಟ ಹಿಡಿದರು. ಅದಕ್ಕೆ ಅಣ್ಣ ಹೇಳಿದ್ದು ಇಷ್ಟೆ: “ಅವನ ಹೆಸ್ರು ಸಿಗೋಗಂಟ ನಮ್ಮ ಮನೇರ ಹೆಸ್ರು ಎಲ್ಲೂ ಬರೀಬ್ಯಾಡಿ. ನಂದೂ ಬ್ಯಾಡ.”

ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಡಿಕ್ಷನರಿ ಇಟ್ಟುಕೊಂಡು ಆ ಪುಸ್ತಕವನ್ನು ಓದತೊಡಗಿದರು. ಕಾಲೇಜಿನ ದಿನಗಳಲ್ಲಿ ಹತ್ತಾರು ಪುಟ ಓದಿ ಬಿಟ್ಟಿದ್ದರಂತೆ. ಈಗ ಬಿಡಲಿಲ್ಲ. ಓದಿದ್ದನ್ನು ಕಿಟಕಿಯಿಂದ ನನಗೆ ಹೇಳುತ್ತಿದ್ದರು. ಆ ಪರದೇಶದವನು ಬಡವರ ಮನೆಯ ಹುಡುಗ, ತಾಯಿಯ ಒಲೆಯ ಮುಂದೆ ಕೂತು ಪಾತ್ರೆಯ ಮುಚ್ಚಳ ಕುಣಿಯುವುದನ್ನು ನೋಡುತ್ತಿದ್ದನಂತೆ. ಮಾಡಿದ ಯಂತ್ರವೆಲ್ಲ ಒಡೆದುಹೋಗಿ ನೆಂಟರು ನಕ್ಕರಂತೆ. ಕೊನೆಗೆ ಯಂತ್ರ ಓಡಿತು, ರಾಜನೇ ಬಂದು ನೋಡಿದ. ಅಂಚಿನಲ್ಲಿ ಅಲ್ಲಲ್ಲಿ ಕಪ್ಪು ಹೆಬ್ಬೆಟ್ಟಿನ ಗುರುತುಗಳಿದ್ದವು, ಎಣ್ಣೆಗೈಯವು. ಚಿತ್ರ ಇರುವ ಪುಟಗಳಲ್ಲಿ ಮಾತ್ರ.

ಒಂದು ಸಂಜೆ ಕಿಟಕಿಗೆ ಬಂದು ಬೆರಳಿಟ್ಟು ತೋರಿಸಿದರು. ಇಂಗ್ಲಿಷ್ ನನಗೆ ಓದಲು ಬರುತ್ತದೆ, ಅರ್ಥ ನಿಧಾನ. ಅವರೇ ಹೇಳಿದರು. ಒಂದು ಸಲ ಯಂತ್ರ ಸಿಡಿದು ಒಬ್ಬ ಆಳು ಸತ್ತನಂತೆ. ಅದರಿಂದ ಯಜಮಾನನಿಗೆ ಬಹಳ ಸಂಕಟವಾಯಿತಂತೆ, ಆದರೂ ಅವನು ಧೈರ್ಯಗೆಡಲಿಲ್ಲವಂತೆ.

“ಇಷ್ಟು ದಪ್ಪ ಪುಸ್ತಕದಾಗೆ ಅರ್ಧ ಸಾಲು ಕಣಮ್ಮ. ಒಬ್ಬ ಆಳು ಅಂತ. ಹೆಸ್ರಿಲ್ಲ. ನಮ್ಮ ಫಿಟರ್‌ಗೆ ಯಾರಾದ್ರೂ ಇದ್ನ ಓದಿ ಹೇಳಿದ್ರೋ ಇಲ್ವೋ.”

ಆಮೇಲೆ ಊರೂರು ತಿರುಗುವುದು ಶುರುವಾಯಿತು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡು, ಮಿಲ್ಲಿಗೆ ರಜೆ ಇದ್ದ ದಿನ ಹೋಗಿಬಿಡುತ್ತಿದ್ದರು. ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಕೂತ ಮುದುಕರನ್ನೆಲ್ಲ ಕೇಳಿದರಂತೆ. ನಿಮ್ಮ ಕಡೆ ಹಿಂದೆ ಒಬ್ಬ ಫಿಟರ್ ಇದ್ನಾ, ಮಿಲ್ಲಿನಾಗೆ ಸತ್ತೋನು? ಅವರಲ್ಲೊಬ್ಬ, “ಆಸ್ತಿ ಪಾಲು ಕೊಡಾಕೆ ಬಂದಿದ್ದೀರೇನಪ್ಪಾ? ಹಂಗಿದ್ರೆ ನಮ್ಮಜ್ಜಾನೇ ಫಿಟರ್ ಅಂತ ಬರ್ಕೊಳಿ” ಎಂದನಂತೆ. ಎಲ್ಲರೂ ನಕ್ಕರು. “ಮುಂಚೆ ಆಗಿದ್ರೆ ನಾನೂ ನಗ್ತಿದ್ದೆ” ಎಂದು ನನ್ನ ಹತ್ತಿರ ಹೇಳಿದರು.

ಕೆಮ್ಮು ಮೊದಲಿನಿಂದ ಇತ್ತು. ಹಿಟ್ಟಿನ ಧೂಳು ಕುಡಿದ ಎದೆ. ಡಾಕ್ಟರು ಮಿಲ್ಲಿಗೆ ಹೋಗಬೇಡಿ, ಅಲೆದಾಡಬೇಡಿ ಎಂದಿದ್ದರು. ಅತ್ತಿಗೆ ನನ್ನ ಮುಂದೆಯೇ ಜಗಳವಾಡಿದರು. “ಯಾವೋನೋ ಸತ್ತು ಯಾವ ಕಾಲ ಆಯ್ತೋ. ಅವಂಗೋಸ್ಕರ ನಮ್ಮನೆ ದೀಪ ಆರಿಸ್ಬೇಕಾ? ನೀನಾದ್ರೂ ಹೇಳಮ್ಮ, ನಿನ್ನ ಮಾತು ಕೇಳ್ತಾರೆ.” ನಾನು ಹೇಳಿದೆ. ಕೇಳಲಿಲ್ಲ. “ಅವ್ಳು ಕೂಸು ಎತ್ಕೊಂಡು ಬಂದಿದ್ಲು ಕಣೇ” ಎಂದು ಅತ್ತಿಗೆಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ನನ್ನ ತವರು ಚೌಳಹಿರಿಯೂರು. ಅಲ್ಲಿ ತೆಂಗಿನ ತೋಟದವರ ಮನೆಯ ಹಿರಿಯರೊಬ್ಬರು ಮಿಷನ್ನಿಗೆ ಸಿಕ್ಕಿ ಸತ್ತಿದ್ದರೆಂದು ನನ್ನ ಅಮ್ಮ ಫೋನಿನಲ್ಲಿ ಹೇಳಿದರು. ಮೂಲ ಬುಕ್ಕಾಂಬುಧಿ ಕಡೆಯವರೇ ಅಂತೆ. ಅಣ್ಣನ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕು ಕಂಡಿತು. ಮಾರನೆಯ ದಿನ ಬಿಳಿ ಅಂಗಿ ಹಾಕಿಕೊಂಡು ಬಂದರು. ನಾನೂ ಜೊತೆಗೆ ಹೋದೆ.

ಆ ಮನೆಯಲ್ಲಿ ಒಬ್ಬಳು ಅಜ್ಜಿ ಜಗಲಿಯ ಮೇಲೆ ಕೊಬ್ಬರಿ ಒಡೆಯುತ್ತಾ ಕೂತಿದ್ದಳು. ಅಣ್ಣ ಎಲ್ಲವನ್ನೂ ಹೇಳಿದರು, ಅಜ್ಜ ಪುಸ್ತಕ ಇಟ್ಟುಕೊಂಡದ್ದನ್ನೂ. ಅಜ್ಜಿ ಕೈ ನಿಲ್ಲಿಸಿ ಕೇಳಿದಳು.

“ನಮ್ಮ ಮಾವನ ಅಣ್ಣ ಮಿಷನ್ನಿಗೇ ಸಿಕ್ಕಿ ಸತ್ರು. ದಿಟ.”

“ಯಾವ ಮಿಷನ್ನವ್ವ?”

“ಕಬ್ಬು ಅರೆಯೋದು. ಆಲೆಮನೇದು.”

ಚೀಲದ ಮೇಲಿದ್ದ ಅಣ್ಣನ ಕೈ ಸಡಿಲವಾದದ್ದು ನನಗೆ ಕಾಣಿಸಿತು. ಅಜ್ಜಿಗೂ ಕಾಣಿಸಿತೋ ಏನೋ. ಕೊಬ್ಬರಿಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು: “ಹೋಗ್ಲಿ ಬುಡಪ್ಪ. ನಿಮ್ಮೋನೂ ಮಿಷನ್ನಿಗೆ ಸತ್ತೋನು, ನಮ್ಮೋರೂ ಮಿಷನ್ನಿಗೆ ಸತ್ತೋರು. ಆ ಪುಸ್ತಕ ಇಲ್ಲೇ ಕೊಟ್ಟೋಗು. ನಮ್ಮ ಹಿರೇರ ಜೊತೆ ಇಟ್ಕೋತೀನಿ. ನಿನ್ನ ಎದೆ ಹಗುರಾಗ್ಲಿ.”

ಅಣ್ಣ ಚೀಲದಿಂದ ಪುಸ್ತಕ ತೆಗೆದರು. ಬಟ್ಟೆ ಬಿಚ್ಚಿದರು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದಳು. ಪುಸ್ತಕ ಅವಳ ಬೆರಳಿಗೆ ತಾಗಿತ್ತು. ಅಲ್ಲಿಂದ ಹಿಂದಕ್ಕೆ ತೆಗೆದುಕೊಂಡರು.

“ಬ್ಯಾಡ ಕಣವ್ವ. ತಪ್ಪು ತಿಳ್ಕೋಬ್ಯಾಡಿ. ನಮ್ಮಜ್ಜ ಅವ್ಳಿಗೆ ಒಂದ್ಸಲ ಇಲ್ಲ ಅಂದ. ನಿಮ್ಗೆ ಕೊಟ್ಬಿಟ್ರೆ ನಾನು ಇನ್ನೊಂದ್ಸಲ ಇಲ್ಲ ಅಂದಂಗೆ. ನಾಳೆ ಅವ್ರ ಕಡೆಯೋರು ಬಂದು ಕೇಳಿದ್ರೆ ಏನು ಕೊಡ್ಲಿ?”

“ಇಷ್ಟು ಕಾಲ ಬರದೋರು ಇನ್ನೆಲ್ಲಿ ಬತ್ತಾರಪ್ಪಾ?”

“ಅದೂ ದಿಟವೇ” ಎಂದು ಎದ್ದರು. ಅಜ್ಜಿ ಬರಿಗೈಯಲ್ಲಿ ಕಳಿಸಬಾರದೆಂದು ತೆಂಗಿನಕಾಯಿ ಕೊಟ್ಟಳು.

ಬಸ್ಸಿನಲ್ಲಿ ನನಗೆ ಸಿಟ್ಟು ಬಂದಿತ್ತು. “ಕೊಟ್ಬಿಡಬೇಕಿತ್ತು ಅಣ್ಣ. ಎಲ್ಲಾ ಮುಗಿದುಹೋಗ್ತಿತ್ತು” ಎಂದೆ.

ಬಹಳ ಹೊತ್ತು ಕೆಮ್ಮಿದರು. ಆಮೇಲೆ ಹೇಳಿದರು: “ಕೊಡೋ ಆಸೆ ಆಯ್ತು ಕಣಮ್ಮ. ಅದಕ್ಕೇ ಭಯ ಆಯ್ತು.”

ಅಲ್ಲಿಂದ ಮುಂದೆ ಅವರು ಹೆಚ್ಚು ದಿನ ಓಡಾಡಲಿಲ್ಲ. ಮಿಲ್ಲಿಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು, ಹಿಟ್ಟನ್ನು ಮುಟ್ಟಿ ನೋಡುವುದೂ ನಿಂತಿತು. ಟವೆಲ್ ಬಗ್ಗೆ ಮಾತ್ರ ಕಟ್ಟುನಿಟ್ಟು. ಯಾರಾದರೂ ಮರೆತು ಒಳಗೆ ಬಂದರೆ ಉಸಿರಿಲ್ಲದಿದ್ದರೂ ಎದ್ದು ಹೋಗಿ ತಾವೇ ತೆಗೆದು ಮೊಳೆಗೆ ಹಾಕುತ್ತಿದ್ದರು. ಕಾರಣವನ್ನೂ ಹೇಳುತ್ತಿದ್ದರು. ಆಮೇಲೆ ಯಾರೂ ದೊಡ್ಡಸ್ತಿಕೆಯ ಮಾತೆತ್ತಲಿಲ್ಲ. ಬೇರೆ ಮಿಲ್ಲಿಗೆ ಹೋಗುತ್ತಿದ್ದ ಕೆಲವರು ಹಿಂತಿರುಗಿ ಬಂದರು. ಅದು ಅವರಿಗೆ ಸಮಾಧಾನ ಕೊಟ್ಟಿತೆಂದು ನಾನು ಹೇಳಲಾರೆ.

ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ಮೂಗಿಗೆ ಕೊಳವೆ ಹಾಕಿದ್ದರು. ನಾನು ಕೈ ಹಿಡಿದುಕೊಂಡೆ. ಬೆರಳುಗಳು ತಣ್ಣಗಿದ್ದವು. ಏನೋ ದೊಡ್ಡ ಮಾತು ಹೇಳುತ್ತಾರೆಂದು ಬಗ್ಗಿದೆ. “ಅಂತರಘಟ್ಟೆ ಕಡೆ ಕೇಳಿಲ್ಲ ಕಣಮ್ಮ” ಎಂದರು. ಆ ವಾರದಲ್ಲೇ ಹೋಗಿಬಿಟ್ಟರು.

ತಾಯಿ ಇನ್ನೂ ಬದುಕಿದ್ದಾರೆ. “ನಾನು ಅವತ್ತು ಬಾಯಿ ಮುಚ್ಕೊಂಡಿದ್ರೆ ನನ್ನ ಮಗ ಇರ್ತಿದ್ದ” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಇರುತ್ತಿದ್ದರೋ ಇಲ್ಲವೋ. ಎದೆಯ ರೋಗ ಮುಂಚಿನದು. ಅದನ್ನು ಹೇಳಿದರೆ ಆ ಮುದುಕಿಗೆ ಕೇಳಿಸುವುದಿಲ್ಲ.

ತಿಥಿಯ ಕಾರ್ಡಿನಲ್ಲಿ ಅವರ ಹೆಸರು ಹಾಕಿಸಿದರು. ಹಾಕದೆ ಆಗುತ್ತದೆಯೇ? ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸೂ ಕಟ್ಟಿದರು, ದೊಡ್ಡ ಅಕ್ಷರದಲ್ಲಿ. ನಾನು ಅದರ ಮುಂದೆ ಹಾದುಹೋಗುವಾಗ ತಲೆ ಎತ್ತುತ್ತಿರಲಿಲ್ಲ. ಅತ್ತಿಗೆಯನ್ನು ದೂರುವುದಿಲ್ಲ. ಗಂಡನ ಹೆಸರನ್ನು ಒಂದು ಕಡೆಯಾದರೂ ನೋಡಬೇಕೆಂದು ಅವರಿಗೆ ಅನ್ನಿಸಿರಬೇಕು.

ಎಲ್ಲ ಮುಗಿದ ಮೇಲೆ ಅತ್ತಿಗೆ ಪುಸ್ತಕ ತಂದು ನನ್ನ ಹೊಲಿಗೆ ಮೇಜಿನ ಮೇಲಿಟ್ಟರು. “ಇದು ನಮ್ಮನೇಲಿ ಬ್ಯಾಡ ಕಣಮ್ಮ. ಕೆರೆಗೆ ಹಾಕಾಕೂ ಕೈ ಬರಲ್ಲ. ನಿನ್ನ ಹತ್ರ ಇರ್ಲಿ” ಎಂದರು. ಮಿಲ್ಲಿಗೆ ಬೀಗ ಬಿತ್ತು. ನನ್ನ ಕೋಣೆ ಮಾತ್ರ ತೆರೆದಿರುತ್ತದೆ. ಕಿಟಕಿಯ ಆಚೆ ಸದ್ದಿಲ್ಲ. ಮಧ್ಯಾಹ್ನ ಒಂದೊಂದು ಸಲ ಆ ಕಡೆ ತಿರುಗಿ ಏನೋ ಹೇಳಲು ಹೋಗುತ್ತೇನೆ.

ಅಂತರಘಟ್ಟೆಗೆ ನಾನು ಹೋಗಿ ಬಂದೆ. ಗುಡಿಯ ಹತ್ತಿರದ ಅಂಗಡಿಗಳಲ್ಲಿ ಕೇಳಿದೆ, ಹೋಟೆಲಿನಲ್ಲಿ ಕೇಳಿದೆ. ವಯಸ್ಸಾದವರ ಮನೆಗಳಿಗೂ ಹೋದೆ. ಕೂರಿಸಿ ನೀರು ಕೊಟ್ಟರು. ಯಾರಿಗೂ ತಿಳಿದಿಲ್ಲ. ತರೀಕೆರೆ ಕಡೆ ರೈಲ್ವೆ ಕೆಲಸದಲ್ಲಿದ್ದ ಹಳೆಯ ಮನೆಗಳಲ್ಲಿ ವಿಚಾರಿಸು ಎಂದು ಒಬ್ಬರು ಹೇಳಿದರು. ಅಲ್ಲಿಗೂ ಹೋದೆ. ಪುಸ್ತಕವನ್ನು ಎಲ್ಲರೂ ಮುಟ್ಟಿ ನೋಡುತ್ತಾರೆ, ಗಡ್ಡದವನು ಯಾರೆಂದು ಕೇಳುತ್ತಾರೆ. ಅವನ ಹೆಸರು ರಟ್ಟಿನ ಮೇಲೆಯೇ ಇದೆ, ಹೇಳುತ್ತೇನೆ.

ಪುಸ್ತಕದ ಮೊದಲ ಒಡೆಯನ ಹೆಸರು ಸಿಕ್ಕಿಲ್ಲ. ಅವನ ಹೆಂಡತಿ ಆ ಕೂಸನ್ನು ಎತ್ತಿಕೊಂಡು ಯಾವ ಊರಿಗೆ ಹೋದಳೆಂದು ಇನ್ನೂ ತಿಳಿದಿಲ್ಲ.